ಪುರಾಣದಕ್ಕ ಬದುಕಿಸಿದ ಗಂಡ

ಹೊಲಿಗೆ ಬಾರದವಳಿಗೆ ಹೊಲಿಗೆಯ ಮನೆಯಲ್ಲೇ ಅನ್ನ ಬರೆದಿಟ್ಟ ದೇವರು, ಆ ಅನ್ನ ದಕ್ಕಿಸಿಕೊಳ್ಳುವ ಉಪಾಯವನ್ನೂ ಜೊತೆಗೇ ಬರೆದಿಟ್ಟಿದ್ದ. ಪುರಾಣದಕ್ಕ ಒಂದು ಗೆರೆ ಹೊಲಿದರೆ ಕುಡಿದ ಇರುವೆ ಮನೆ ಹುಡುಕಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿಯುವುದು ಉಳಿದವರ ಪಾಲಿಗೆ ಇನ್ನೊಂದು ಕೆಲಸ. ಹೀಗಿರಲು ಒಂದು ದಿನ ಅಲ್ಲಿನ ಹಳೆಯ ರೇಡಿಯೊ ಗೊರಗೊರ ಅಂದು ತಣ್ಣಗಾಯಿತು. ಬಟ್ಟೆ ಕತ್ತರಿಸುವವನೂ ಯಜಮಾನನೂ ಆದ ಕತ್ತರಿಮಾವ ಅದರ ನೆತ್ತಿಗೆ ನಾಲ್ಕು ತಟ್ಟಿ, ಆಸೆ ಬಿಟ್ಟು, ಪುರಾಣದಕ್ಕನ ಕಡೆ ತಿರುಗಿದ.

"ಏನಮ್ಮಾ, ಸೂಜಿ ಅಂತೂ ನಿನಗೆ ಒಲೀಲಿಲ್ಲ. ಅಕ್ಷರ ಒಲಿದಿದೆಯಲ್ಲ, ಏನಾದ್ರೂ ಓದು. ಇವರ ಬಾಯಾದ್ರೂ ಮುಚ್ಚಲಿ."

ಬಾಯಿಗಳೇನೂ ಮುಚ್ಚಲಿಲ್ಲ. ಓದು ಮಾತ್ರ ಅಂದಿನಿಂದ ಅಲ್ಲಿ ಬೇರು ಬಿಟ್ಟಿತು, ಓದುವವಳಿಗೆ ಪುರಾಣದಕ್ಕ ಎಂಬ ಹೆಸರೂ ಅಂಟಿತು.

ಅದು ಹತ್ತಿ ತುಂಬಿದ ದಪ್ಪ ಹೊದಿಕೆಗಳನ್ನು ಕೈಯಲ್ಲಿ ಹೊಲಿಯುವ ಜಾಗ. ಕೆಳಗೆ ಹತ್ತಿ ಬಿಡಿಸುವ ಯಂತ್ರ, ಮೇಲೆ ಉದ್ದನೆಯ ಕೋಣೆ. ಕೋಣೆಯ ನಡುವೆ ಮಂಚದಷ್ಟು ಅಗಲದ ಮರದ ಚೌಕಟ್ಟು. ಅದಕ್ಕೆ ಬಿಗಿದ ಬಟ್ಟೆಯ ಸುತ್ತ ಗಿಡ್ಡ ಮಣೆಗಳ ಮೇಲೆ ಹೆಂಗಸರು. ಕಿಟಕಿಯಿಂದ ಬಿಸಿಲು ಇಳಿದಾಗ ಗಾಳಿಯಲ್ಲಿ ಹತ್ತಿಯ ಎಳೆಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಒಬ್ಬಳು ಓದಬೇಕು, ಅವಳ ಪಾಲಿನ ಹೊಲಿಗೆಯನ್ನು ಉಳಿದವರು ಹಂಚಿಕೊಳ್ಳಬೇಕು, ಅದು ಒಪ್ಪಂದ. ಒಪ್ಪಂದಕ್ಕೆ ಇದ್ದದ್ದು ಒಂದೇ ಕಟ್ಟಳೆ.

"ಪುಟ ಹಾರಿಸಬಾರದು," ಎಂದು ಮೊದಲ ದಿನವೇ ಹೇಳಿದ್ದಳು ಅಂಚಿನಕ್ಕ. "ನಾವು ಬೆರಳು ಸವೆಸಿ ಕೇಳ್ತಿದೀವಿ. ಒಂದು ಸಾಲು ಬಿಟ್ಟರೂ ಅದು ಕಳ್ಳತನ."

ಹೊದಿಕೆಯ ನಾಲ್ಕು ಅಂಚುಗಳನ್ನು ಮಡಿಸಿ ಮುಚ್ಚುವ ಕೆಲಸ ಅವಳದು. ಅಂಚು ಕಟ್ಟದಿದ್ದರೆ ಒಳಗಿನ ಹತ್ತಿ ಹೊರಗೆ, ಹೊರಗಿನ ಚಳಿ ಒಳಗೆ. ಪುರಾಣದಕ್ಕನ ಮಣೆಯ ಪಕ್ಕದ ಮಣೆ ಅವಳದು. ಇಬ್ಬರದೂ ಎಷ್ಟು ಹಳೆಯ ಗೆಳೆತನವೆಂದರೆ ಒಬ್ಬಳು ಕೆಮ್ಮಿದರೆ ಇನ್ನೊಬ್ಬಳು ನೀರಿನ ಲೋಟ ಸರಿಸುತ್ತಿದ್ದಳು, ತಲೆ ಎತ್ತದೆ. ಎದುರಿಗೆ ಕೂರುತ್ತಿದ್ದವರು ಇಬ್ಬರು. ಒಬ್ಬಳು ಎಲ್ಲರಿಗಿಂತ ಚಿಕ್ಕವಳು, ಬಾಯಿ ಬಿಟ್ಟರೆ ಖಾರ, ಆದ್ದರಿಂದ ಮೆಣಸಿನಕಾಯಿ. ಇನ್ನೊಬ್ಬಳು ಎಲ್ಲರಿಗಿಂತ ಹಿರಿಯಳು, ಗಂಡನನ್ನು ಯಾವುದೋ ಕಾಲದಲ್ಲಿ ಕಳೆದುಕೊಂಡವಳು. ಬೆಂಕಿ ಬಿದ್ದಿದೆ ಅಂದರೂ ಹೌದಮ್ಮ, ಆರಿದೆ ಅಂದರೂ ಹೌದಮ್ಮ ಅನ್ನುತ್ತಿದ್ದುದರಿಂದ ಅದೇ ಅವಳ ಹೆಸರಾಗಿತ್ತು.

ಆ ವರ್ಷ ಅವರು ಕೇಳುತ್ತಿದ್ದದ್ದು ಒಬ್ಬ ಹೆಂಗಸು ಬರೆದ ಕಾದಂಬರಿ. ಕಥೆಯೆಂದರೆ ದೊಡ್ಡ ಕಥೆಯಲ್ಲ. ಸೈಕಲ್ ರಿಪೇರಿ ಮಾಡುವ ಒಬ್ಬ ಗಂಡ, ಅವನ ಹೆಂಡತಿ, ಒಂದು ಬಾಡಿಗೆ ಮನೆ, ಅಲ್ಲಿ ಯಾವಾಗಲೂ ಸೋರುವ ಒಂದು ನಲ್ಲಿ. ಆದರೂ ಮೊದಲ ಅಧ್ಯಾಯದಲ್ಲೇ ಚೌಕಟ್ಟಿನ ಸುತ್ತ ಎಲ್ಲರೂ ಬಲೆಗೆ ಬಿದ್ದರು.

"ಈ ಬರೆದೋಳು ನಮ್ಮನೆ ಅಟ್ಟದ ಮೇಲೆ ಕೂತಿದ್ದಳೇನು?" ಎಂದಿದ್ದ ಕತ್ತರಿಮಾವ, ಗಂಡ ಹೆಂಡಿರ ಜಗಳದ ಭಾಗ ಬಂದಾಗ. "ನಾನು ಅಂದಿದ್ದೇ, ನಿಮ್ಮತ್ತೆ ಅಂದಿದ್ದೇ. ಒಂದಕ್ಷರ ಆಚೆ ಈಚೆ ಇಲ್ಲ."

ಗಂಡ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಲ್ಲಿಗೆ ಒಂದು ಸಂಜೆ ಓದು ನಿಂತಿತ್ತು. ಅದೇ ವಾರ ಅಂಚಿನಕ್ಕನ ಗಂಡ, ಬೆಳಿಗ್ಗೆ ಹೋದ ಮನುಷ್ಯ, ಸಂಜೆಗೆ ಇರಲಿಲ್ಲ. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತವನನ್ನು ಆಸ್ಪತ್ರೆಗೆ ಒಯ್ದಿದ್ದರು. ಅವಳು ತಲುಪುವಷ್ಟರಲ್ಲಿ ಮುಗಿದಿತ್ತು.

ಅವಳಿಲ್ಲದೆ ಓದುವುದು ಬೇಡವೆಂದು ಎಲ್ಲರೂ ಸೇರಿ ಪುಸ್ತಕ ಮುಚ್ಚಿಟ್ಟರು. ಆದರೆ ಪುರಾಣದಕ್ಕನಿಗೆ ತಡೆಯಲಾಗಲಿಲ್ಲ. ಮನೆಗೆ ಒಯ್ದು, ಒಲೆಯ ಮುಂದೆ ಕೂತು, ಕೊನೆಯ ಪುಟದವರೆಗೆ ಓದಿದಳು. ಗಂಡ ಸಾಯುತ್ತಾನೆ. ಉಳಿದ ಪುಸ್ತಕವೆಲ್ಲ ಆ ಹೆಂಡತಿ ಒಬ್ಬಳೇ ಇರುವುದನ್ನು ಕಲಿಯುವ ಕಥೆ. ಎಂಥ ಕಥೆ! ಒಲೆಯ ಮೇಲಿದ್ದದ್ದು ಸೀದು ಕರಕಲಾದರೂ ಅವಳಿಗೆ ಗೊತ್ತಾಗಲಿಲ್ಲ. ಒಬ್ಬರ ಸಂಕಟವನ್ನು ಇಷ್ಟು ಮೆತ್ತಗೆ, ಇಷ್ಟು ನೇರವಾಗಿ ಇನ್ನೊಬ್ಬರ ಮಡಿಲಿಗೆ ಇಡಬಹುದೆಂದು ಅವಳು ತಿಳಿದಿರಲಿಲ್ಲ. ಓದಿ ಮುಗಿಸಿ, ಪುಸ್ತಕದ ಬೆನ್ನಿಗಿದ್ದ ಆ ಲೇಖಕಿಯ ಚಿತ್ರ ನೋಡಿ, ನಿನ್ನ ಕೈ ತಣ್ಣಗಿರಲಿ ತಾಯಿ ಎಂದು ಹರಸಿದಳು. ಮರುಕ್ಷಣವೇ ಪುಸ್ತಕವನ್ನು ಬೋರಲು ಹಾಕಿದಳು. ಇದನ್ನು ಅಂಚಿನಕ್ಕನ ಮುಂದೆ ಓದುವುದು ಹೇಗೆ?

ಅಂಚಿನಕ್ಕ ಮರಳಿ ಬಂದ ದಿನ ಕತ್ತರಿಮಾವ ಪುರಾಣದಕ್ಕನನ್ನು ಬಟ್ಟೆಯ ರಾಶಿಯ ಹಿಂದೆ ಕರೆದು ಪಿಸುಗುಟ್ಟಿದ.

"ಅವಳು, ಈ ಆರ್ಡರು ಮುಗಿಯೋವರೆಗೆ ಇರ್ತೀನಿ ಮಾವ, ಆಮೇಲೆ ತಂಗಿ ಊರಿಗೆ ಹೋಗಿಬಿಡ್ತೀನೋ ಏನೋ ಅಂದಳು. ಅಲ್ಲಿ ಹೋದ್ರೆ ಇವಳು ವಾಪಸ್ ಬರೋ ಪೈಕಿ ಅಲ್ಲ. ಹುಷಾರಾಗಿ ನೋಡ್ಕೋಬೇಕಮ್ಮ."

ಪುರಾಣದಕ್ಕ ತನ್ನ ಪಕ್ಕದ ಮಣೆ ಖಾಲಿ ಬಿದ್ದಿರುವುದನ್ನು ನೆನೆದಳು. ಇವಳು ಹೋಗಕೂಡದು. ಏನಾದರೂ ಆಗಲಿ, ಇವಳು ಇಲ್ಲೇ ಉಳಿಯಬೇಕು.

ಎಲ್ಲರೂ ಮಣೆ ಎಳೆದುಕೊಂಡು ಕೂತರು. ಅಂಚಿನಕ್ಕ ಸೂಜಿಗೆ ದಾರ ಪೋಣಿಸುತ್ತ, "ಎಲ್ಲಿಗೆ ಬಂದಿತ್ತು? ಆಸ್ಪತ್ರೆ ಅಲ್ವಾ? ಓದೇ," ಎಂದಳು.

ಪುರಾಣದಕ್ಕ ಮನಸ್ಸಿನಲ್ಲೇ ದೇವರನ್ನು ನೆನೆದು ಪುಸ್ತಕ ತೆರೆದಳು. ಕಣ್ಣ ಮುಂದೆ ಅಕ್ಷರಗಳಿದ್ದವು. ಬಾಯಿ ಮಾತ್ರ ಬೇರೆ ದಾರಿ ಹಿಡಿಯಿತು.

"ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ನಾಡಿ ನೋಡಿ ನಕ್ಕರು. ಇನ್ನೇನೂ ಭಯವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು."

ಸೂಜಿಗಳು ಒಂದು ಗಳಿಗೆ ನಿಂತವು. ಮೆಣಸಿನಕಾಯಿ ಹುಬ್ಬೇರಿಸಿದಳು. ಕತ್ತರಿಮಾವ ಕೆಮ್ಮಿದ. ಹೌದಮ್ಮ ಮಾತ್ರ, "ಹೌದಮ್ಮ, ಹುಷಾರಾದ," ಅಂದಳು. ಅಂಚಿನಕ್ಕ ಅಂಚು ಮಡಿಸಿದಳು.

ಒಂದು ಸುಳ್ಳನ್ನು ಸಾಕುವುದೆಂದರೆ ಆನೆ ಸಾಕಿದ ಹಾಗೆ, ದಿನ ಬೆಳಗಾದರೆ ಮೇವು ಹಾಕಬೇಕು. ಬದುಕಿ ಮನೆಗೆ ಬಂದ ಗಂಡನಿಗೆ ಪುರಾಣದಕ್ಕ ದಿನವೂ ಏನಾದರೊಂದು ಕೆಲಸ ಹುಡುಕಬೇಕಾಯಿತು. ಪುಸ್ತಕದಲ್ಲಿ ಹೆಂಡತಿ ಸೋರುವ ನಲ್ಲಿಯ ಮುಂದೆ ಕೂತು, ಇದನ್ನೊಂದು ಸರಿ ಮಾಡದೆ ಹೋದೆಯಲ್ಲೋ ಎಂದು ಸತ್ತವನನ್ನು ಬೈದು ಬೈದು ಅಳುವ ಒಂದು ಭಾಗವಿತ್ತು. ಕಾದಂಬರಿಯಲ್ಲೇ ಅದು ಮುತ್ತಿನಂಥ ಪುಟ. ಅದು ಬಂದಾಗ ಪುರಾಣದಕ್ಕ ಬೆವೆತಳು.

"ಗಂಡ ನಲ್ಲಿಯನ್ನು ಸರಿ ಮಾಡಿದ. ಅದನ್ನು ನೋಡಿ ಹೆಂಡತಿ, ಹೆಂಡತಿ ಗಳಗಳನೆ ಅತ್ತಳು."

"ಯಾಕೆ?" ಎಂದಳು ಮೆಣಸಿನಕಾಯಿ.

"ಖುಷಿಗೆ."

"ನಲ್ಲಿ ರಿಪೇರಿ ಆಗಿದ್ದಕ್ಕೆ ಯಾರಾದ್ರೂ ಗಳಗಳ ಅಳ್ತಾರೇನಕ್ಕಾ?"

"ನಮ್ಮನೆ ನಲ್ಲಿ ನೀನು ನೋಡಿಲ್ಲ," ಎಂದು ಕತ್ತರಿಮಾವ ನಡುವೆ ಬಂದು ಮಾನ ಉಳಿಸಿದ.

ದಿನ ಕಳೆದಂತೆ ಆ ಗಂಡ ಒಳ್ಳೆಯವನಾಗುತ್ತಲೇ ಹೋದ. ಹೆಂಡತಿಗಿಂತ ಮೊದಲು ಎದ್ದು ನೀರು ಕಾಯಿಸಿದ. ಅವಳ ಕಾಲು ಒತ್ತಿದ. ಸಿಟ್ಟೆಂಬುದನ್ನೇ ಮರೆತ. ಅವನು ಒಳ್ಳೆಯವನಾದಷ್ಟೂ ಕೇಳುವವರಿಗೆ ಆಕಳಿಕೆ ಬಂತು. ಮೊದಲು ಓದಿನ ಲಯಕ್ಕೆ ಸರಿಯಾಗಿ ಏಳುತ್ತ ಬೀಳುತ್ತ ಇದ್ದ ಸೂಜಿಗಳು ಈಗ ದಾರಿ ತಪ್ಪಿದ ಕೋಳಿಗಳಂತೆ ಅಲ್ಲಿ ಇಲ್ಲಿ ಕುಕ್ಕುತ್ತಿದ್ದವು. ಹೌದಮ್ಮ ಕೂತಲ್ಲೇ ಎರಡು ಸಲ ತೂಕಡಿಸಿ ಬೆರಳಿಗೆ ಚುಚ್ಚಿಕೊಂಡಳು. ಅಂಚಿನಕ್ಕ ದಿನದಿಂದ ದಿನಕ್ಕೆ ಮೌನವಾದಳು. ಅವಳ ಮೌನ ಕಂಡು ಪುರಾಣದಕ್ಕ ಇನ್ನಷ್ಟು ಸಕ್ಕರೆ ಸುರಿದಳು.

ಕೊನೆಗೊಂದು ಮಧ್ಯಾಹ್ನ, ಗಂಡ ಹೆಂಡತಿಗೆ ಹೊಸ ಚಪ್ಪಲಿ ತಂದುಕೊಟ್ಟು, ಅದನ್ನು ತಾನೇ ಅವಳ ಕಾಲಿಗೆ ತೊಡಿಸುತ್ತಿದ್ದಾಗ, ಮೆಣಸಿನಕಾಯಿಗೆ ಸಾಕಾಗಿಹೋಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ಕೈ ಕೊಡವಿದಳು.

"ಅಯ್ಯೋ, ಈ ಗಂಡ ಸತ್ತಾದ್ರೂ ಹೋಗಬಾರದೇ! ಕಥೆನಾದ್ರೂ ಮುಂದೆ ಹೋಗುತ್ತೆ!"

ಮಾತು ಬಾಯಿಂದ ಬಿತ್ತು, ಬಿದ್ದ ಮೇಲೆ ಎತ್ತಿಕೊಳ್ಳುವ ಹಾಗಿಲ್ಲ. ಮೆಣಸಿನಕಾಯಿಯ ಮುಖ ಬಿಳಿಚಿತು. ಕತ್ತರಿಮಾವ ಹಿಡಿದ ಬಟ್ಟೆ ಹಿಡಿದ ಹಾಗೇ ನಿಂತ. ಯಾರಿಗೂ ಅಂಚಿನಕ್ಕನ ಕಡೆ ನೋಡುವ ಧೈರ್ಯವಿಲ್ಲ.

ಆಗ ಒಂದು ಸದ್ದು ಬಂತು. ಅಂಚಿನಕ್ಕ ನಗುತ್ತಿದ್ದಳು. ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಒರೆಸಿದಾಗ ನಗುವೂ ಅದರ ಜೊತೆಗೇ ಅಳಿಸಿಹೋದಂತಿತ್ತು.

"ಅವನು ಸತ್ತಿದ್ದಾನೆ ಕಣೇ," ಎಂದಳು. "ಅಲ್ವೇನೇ ಪುರಾಣದಕ್ಕಾ? ಆಸ್ಪತ್ರೆಯಲ್ಲೇ ಸತ್ತಿದ್ದಾನೆ."

ಪುರಾಣದಕ್ಕ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ನಿಂಗೆ ಹೇಗೆ..."

"ಓದುವಾಗ ನಿನ್ನ ಕಣ್ಣು ಸಾಲಿನ ಮೇಲೆ ಓಡುತ್ತೆ. ನಾನು ಬಂದ ದಿನದಿಂದ ನೀನು ಗೋಡೆ ನೋಡ್ಕೊಂಡು ಓದ್ತಿದೀಯ. ಪುಟ ತಿರುಗಿಸೋದು ನೆನಪಾದಾಗ ಮೂರು ಮೂರು ಒಟ್ಟಿಗೆ ತಿರುಗಿಸ್ತೀಯ. ಅದೂ ಅಲ್ಲದೆ, ಕಾಲೊತ್ತೋ ಗಂಡ! ಯಾವ ಪುಸ್ತಕದಲ್ಲಿ ಬರೀತಾರೆ ಅಂಥದ್ದನ್ನ?"

"ನಿಂಗೆ ನೋವಾಗಬಾರದು ಅಂತ..."

"ಗೊತ್ತು. ಎಲ್ಲರಿಗೂ ಅದೇ." ಅಂಚಿನಕ್ಕನ ದನಿ ಏರಲಿಲ್ಲ. ಅದಕ್ಕೇ ಅದು ಕೋಣೆಯ ಮೂಲೆಮೂಲೆಗೂ ಕೇಳಿಸಿತು. "ಮಗಳು ಅವರ ಚಪ್ಪಲಿ ಎತ್ತಿ ಎಲ್ಲೋ ಇಟ್ಟಳು, ನಂಗೆ ನೋವಾಗುತ್ತೆ ಅಂತ. ಅಳಿಯ ಅವರ ಸುದ್ದಿ ಬಂದ್ರೆ ಹವಾಮಾನದ ಮಾತು ತೆಗೀತಾನೆ. ಪಕ್ಕದ ಮನೆಯೋಳು ನನ್ನ ಕಂಡ್ರೆ ಆಚೆ ರಸ್ತೆಗೆ ದಾಟ್ತಾಳೆ. ಮನೇಲೂ ಪುಟ ಹಾರಿಸ್ತಾರೆ, ಬೀದೀಲೂ ಪುಟ ಹಾರಿಸ್ತಾರೆ. ಇಲ್ಲೊಂದು ಕಡೆ ಹಾರಿಸಲ್ಲ ಅಂತ ನಾನು ಓಡೋಡಿ ಬಂದೆ. ಆ ಹೆಂಗಸು ಏನು ಮಾಡಿದಳು, ಹೇಗೆ ಎದ್ದಳು, ಹೇಗೆ ಉಂಡಳು, ಅದನ್ನ ಕೇಳೋಣ ಅಂತ. ನೀವು ಇಲ್ಲೂ ಅವನನ್ನ ಬದುಕಿಸಿ ಕೂರಿಸಿಬಿಟ್ರಿ. ನನ್ನ ಗಂಡ ಸತ್ತುಹೋದ್ರು ಅಂತ ನಾನು ಯಾವ ಜಾಗದಲ್ಲಿ ಹೇಳಲಿ?"

ಹೌದಮ್ಮ ತಲೆ ತಗ್ಗಿಸಿ, "ಹೌದಮ್ಮ," ಅಂದಳು. ಎಂದೂ ಅಷ್ಟು ನಿಧಾನವಾಗಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಅಂಚಿನಕ್ಕ ಸೂಜಿಯನ್ನು ದಾರದುಂಡೆಗೆ ಸಿಕ್ಕಿಸಿ ಎದ್ದಳು. "ಮಾವ, ಉಳಿದ ಅಂಚು ಯಾರ ಕೈಲಾದ್ರೂ ಕಟ್ಟಿಸಿ. ನಾನು ತಂಗಿ ಊರಿಗೆ ಹೋಗ್ತೀನಿ."

ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ತೂರಿಸಿದಳು. ಹೋಗಬೇಡ ಎನ್ನಲು ಪುರಾಣದಕ್ಕನ ಬಾಯಿ ತೆರೆಯಿತು. ಆದರೆ ಯಾವ ಮುಖ ಇಟ್ಟುಕೊಂಡು ಹೇಳುವುದು? ತಾನು ಇಷ್ಟು ದಿನ ಆಡಿದ ಮಾತೆಲ್ಲ ಇವಳನ್ನು ಬಾಗಿಲಿನತ್ತ ತಳ್ಳುತ್ತಲೇ ಬಂದಿತ್ತು. ತನ್ನ ಮಾತು ಸಾಕು ಅನ್ನಿಸಿತು. ಅವಳು ಪುಸ್ತಕ ತೆರೆದು, ಆಸ್ಪತ್ರೆಯ ಆ ಪುಟ ಹುಡುಕಿ, ಗೋಡೆಯ ಕಡೆ ನೋಡದೆ, ಬೆರಳನ್ನು ಸಾಲಿನ ಕೆಳಗಿಟ್ಟು ಓದತೊಡಗಿದಳು.

ಪುಸ್ತಕದಲ್ಲಿ ಗಂಡ ಕಿಟಕಿ ಸ್ವಲ್ಪ ತೆಗೆ ಅಂದ. ಹೆಂಡತಿ ಎದ್ದು ತೆಗೆದಳು. ಕೊಂಡಿ ಬಿಗಿಯಾಗಿತ್ತು, ಎರಡು ಕೈಯಲ್ಲಿ ಎಳೆಯಬೇಕಾಯಿತು, ಥೂ ಇದರ ಮನೆ ಹಾಳಾಗ ಎಂದು ಬೈದಳು. ಬೈದು ತಿರುಗಿದಾಗ ಅವನು ಇರಲಿಲ್ಲ. ಜೊತೆಗೆ ಬಾಳಿದ ಅಷ್ಟೂ ವರ್ಷಗಳಲ್ಲಿ ಅವನ ಕಿವಿಗೆ ಬಿದ್ದ ಅವಳ ಕೊನೆಯ ಮಾತು ಒಂದು ಕೊಂಡಿಗೆ ಬೈದ ಬೈಗುಳ.

ಕತ್ತರಿಮಾವ ಕನ್ನಡಕ ತೆಗೆದ. "ಅಬ್ಬಾ," ಎಂದ, "ಎಂಥಾ ಕಣ್ಣು ಕೊಟ್ಟಿದಾನೆ ಭಗವಂತ ಆ ಹೆಂಗಸಿಗೆ."

ಬಾಗಿಲ ಬಳಿ ಚಪ್ಪಲಿಯ ಸದ್ದು ಕೇಳಿಸಲಿಲ್ಲ. ಪುರಾಣದಕ್ಕ ತಲೆ ಎತ್ತದೆ ಓದಿದಳು. ಜನ ಬಂದರು, ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಹೊರಗೆ ಕೂತಿರಿ ಅಂದರು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಒಂದು ಬೆಂಚು. ಆ ಬೆಂಚಿನ ಮೇಲೆ ಕೂತ ಹೆಂಡತಿಗೆ ಮೊದಲು ಬಂದದ್ದು ಅಳುವಲ್ಲ, ಹಸಿವು. ಹೊಟ್ಟೆ ಸುಡುವಂಥ, ನಾಚಿಕೆಯಿಲ್ಲದ ಹಸಿವು. ಚೀಲದಲ್ಲಿ ಗಂಡನಿಗೆಂದು ತಂದಿದ್ದ ಬನ್ನು ಇತ್ತು. ಯಾರಿಗೂ ಕಾಣದ ಹಾಗೆ ಗೋಡೆಯ ಕಡೆ ತಿರುಗಿ, ಚೂರು ಚೂರು ಮುರಿದು, ಆ ಬನ್ನನ್ನು ಅವಳು ಪೂರ್ತಿ ತಿಂದಳು.

"ನಾನೂ ತಿಂದೆ."

ಪುರಾಣದಕ್ಕನ ಬೆರಳು ಅಲ್ಲೇ ನಿಂತಿತು. ಅಂಚಿನಕ್ಕ ಬಾಗಿಲಿಗೆ ಒರಗಿಕೊಂಡಿದ್ದಳು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ.

"ನಾನೂ ತಿಂದೆ ಕಣ್ರೇ. ಬಿಸ್ಕತ್ತು. ಯಾರೋ ಪುಣ್ಯಾತ್ಗಿತ್ತಿ ಕೈಗೆ ಪೊಟ್ಟಣ ಇಟ್ಟಳು, ಪೂರ್ತಿ ಪೊಟ್ಟಣ ತಿಂದೆ. ಒಳಗೆ ಅವರು ಮಲಗಿದಾರೆ, ಹೊರಗೆ ನಾನು ಬಿಸ್ಕತ್ತು ತಿಂತಾ ಕೂತಿದೀನಿ. ಚೂರೂ ಬಿಡದೆ ತಿಂದೆ." ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡಳು. "ಈ ಭೂಮಿ ಮೇಲೆ ನಾನೊಬ್ಬಳೇ ಇಂಥಾ ಪಾಪಿ ಅಂದ್ಕೊಂಡಿದ್ದೆ. ಮಗಳಿಗೂ ಹೇಳಿರಲಿಲ್ಲ. ದೇವರ ಮುಂದೆ ಕೂತ್ರೂ ಬಾಯಿ ಬರ್ತಿರಲಿಲ್ಲ. ಆ ತಾಯಿ ಪುಸ್ತಕದಲ್ಲೇ ಬರೆದುಬಿಟ್ಟಿದಾಳಲ್ಲೇ!"

"ನಾನು ಎರಡು ಸಲ ಬಡಿಸ್ಕೊಂಡು ಉಂಡಿದ್ದೆ," ಎಂದು ಒಂದು ದನಿ ಬಂತು. ಎಲ್ಲರೂ ತಿರುಗಿ ನೋಡಿದರು. ಹೌದಮ್ಮ ಸೂಜಿಯ ಮೊನೆ ನೋಡುತ್ತ ಹೇಳುತ್ತಿದ್ದಳು. "ಅವರನ್ನ ಕಳಿಸಿಕೊಟ್ಟು ಬಂದ ಮಧ್ಯಾಹ್ನ. ಉಪ್ಪು ಕಡಿಮೆ ಆಗಿದೆ ಅಂತಾನೂ ಅಂದೆ. ನಮ್ಮ ಓರಗಿತ್ತಿ ಸಾಯೋವರೆಗೂ ಅದನ್ನ ಎತ್ತಿ ಆಡಿದಳು. ಪ್ರಾಣ ಇರೋವರೆಗೆ ಹೊಟ್ಟೆ ತನ್ನ ಕೆಲಸ ಬಿಡಲ್ಲ ತಾಯಿ. ದೇವರೇ ಹಾಗೆ ಮಾಡಿಟ್ಟಿದಾನೆ, ಇಲ್ದಿದ್ರೆ ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹೊರಟುಹೋಗ್ತಿದ್ವಿ."

ಅಷ್ಟು ಉದ್ದದ ಮಾತು ಹೌದಮ್ಮನ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಮೆಣಸಿನಕಾಯಿ ಮೂಗು ಏರಿಸಿಕೊಂಡು ಎದ್ದು ಬಂದು, ಅಂಚಿನಕ್ಕನ ಮುಂದೆ ನಿಂತು, "ನನ್ನ ನಾಲಿಗೆಗೆ ಬೆಂಕಿ ಬೀಳ್ಲಿ ಅಕ್ಕಾ," ಎಂದಳು.

"ಬೀಳೋದು ಬೇಡ. ಆ ನಾಲಿಗೆ ಇಲ್ದಿದ್ರೆ ಅವನು ಇವತ್ತೂ ಚಪ್ಪಲಿ ತೊಡಿಸ್ತಾ ಕೂತಿರ್ತಿದ್ದ," ಎಂದು ಅಂಚಿನಕ್ಕ ಅವಳ ತಲೆಯ ಮೇಲಿದ್ದ ಹತ್ತಿಯ ಎಳೆ ತೆಗೆದಳು. ಆಮೇಲೆ ಕಾಲಿನಲ್ಲಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು ತನ್ನ ಮಣೆಯ ಮೇಲೆ ಕೂತಳು. "ಓದೇ. ನಲ್ಲಿದು ಏನು? ಯಾಕೆ ಅತ್ತಳು ಅವಳು? ನಿಜ ಹೇಳು."

ಪುರಾಣದಕ್ಕ ನಲ್ಲಿಯ ಪುಟ ಓದಿದಳು. ಈ ಸಲ ಹೆಂಡತಿ ನಲ್ಲಿಯನ್ನು ಬೈದಳು, ಗಂಡನನ್ನು ಬೈದಳು, ಅವನ ಸೋಮಾರಿತನವನ್ನು, ಅವನು ನಾಳೆ ನಾಳೆ ಎಂದು ಮುಂದೂಡಿದ ಪ್ರತಿಯೊಂದು ನಾಳೆಯನ್ನು ಬೈದಳು. ಬೈದು ಸುಸ್ತಾಗಿ, ನಲ್ಲಿಯ ಕೆಳಗೆ ಕೈಯೊಡ್ಡಿ, ತೊಟ್ಟು ತೊಟ್ಟಾಗಿ ಬೀಳುವ ನೀರನ್ನು ಬೊಗಸೆ ತುಂಬುವವರೆಗೆ ಹಿಡಿದಳು. ಕೇಳುತ್ತಿದ್ದವರು ಅತ್ತರು. ಆದರೆ ಆ ಅಳುವಿನಲ್ಲಿ ಹಬೆ ಬಿಟ್ಟ ಪಾತ್ರೆಯ ಹಗುರ ಇತ್ತು. ಸೂಜಿಗಳು ತಾವಾಗಿಯೇ ಏಳುತ್ತ ಬೀಳುತ್ತ ನಡೆದಿದ್ದವು. ಒಳ್ಳೆಯ ಪುಸ್ತಕವೆಂದರೆ ಇದೇ ಇರಬೇಕು ಎಂದುಕೊಂಡಳು ಪುರಾಣದಕ್ಕ. ಬರೆದವಳು ಎಲ್ಲೋ, ಕೇಳುವವರು ಎಲ್ಲೋ. ನಡುವೆ ಸಂಕಟವೊಂದು ಕೈಯಿಂದ ಕೈಗೆ ದಾಟುತ್ತದೆ, ದಾಟುವಾಗ ಅದರ ಭಾರ ಒಂದಿಷ್ಟು ಇಳಿಯುತ್ತದೆ. ಅದರ ನಡುವೆ ಬಾಯಿ ಹಾಕಲು ನಾನು ಯಾರು?

"ಒಂದು ಮಾತ್ರ ತಪ್ಪು ಬರೆದಿದಾಳೆ," ಎಂದಳು ಅಂಚಿನಕ್ಕ, ಅದರ ಮುಂದಿನ ಪುಟ ಮುಗಿದಾಗ ದಾರ ಕಡಿಯುತ್ತ. "ರಾತ್ರಿ ನಿಶ್ಶಬ್ದಕ್ಕೆ ನಿದ್ದೆ ಬರ್ತಿರಲಿಲ್ಲ ಅಂತ. ನಂಗೆ ಬಂತಪ್ಪ. ನಮ್ಮನೆಯೋರ ಗೊರಕೆಗೆ ನಾನು ಅಷ್ಟು ವರ್ಷ ಸರಿಯಾಗಿ ನಿದ್ದೆ ಮಾಡಿದ್ದೇ ಇಲ್ಲ."

ಎಲ್ಲರೂ ಒಂದು ಗಳಿಗೆ ತಡೆದುಕೊಂಡರು. ಆಮೇಲೆ ಕತ್ತರಿಮಾವನೇ ಮೊದಲು ಗೊಳ್ಳೆಂದ.

"ನಗಿ, ನಗಿ. ನಿಮಗೇನು ಗೊತ್ತು. ಗೊರಕೆ ಅಂದ್ರೆ ಬರೀ ಗೊರಕೆಯಲ್ಲ ಅದು. ಮೊದಲು ಒಂದು ಸಣ್ಣ ಸಿಳ್ಳೆ..." ಅಂಚಿನಕ್ಕ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲಿ ಎತ್ತಿ ಆ ಸಿಳ್ಳೆ ಹೇಗೆ ಏರುತ್ತಿತ್ತೆಂದು ತೋರಿಸಿದಳು. "ಎಬ್ಬಿಸಿದ್ರೆ, ನಾನೆಲ್ಲಿ ಗೊರಕೆ ಹೊಡೆದೆ, ನೀನೇ ಹೊಡೀತಿದ್ದೆ ಅನ್ನೋರು. ಒಂದು ಸಲ ಏನಾಯ್ತು ಗೊತ್ತಾ..."

ಪುರಾಣದಕ್ಕ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಓದು ಎಂದು ಯಾರೂ ಕೇಳಲಿಲ್ಲ. ಅಂಚಿನಕ್ಕ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಡೆದದ್ದು, ಮಗಳು ಹುಟ್ಟಿದಾಗ ನಡೆದದ್ದು, ಆ ಕೊನೆಯ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಛತ್ರಿ ಬೇಕೇ ಬೇಡವೇ ಎಂದು ಆಕಾಶ ನೋಡಿದ್ದು. ಹೇಳುತ್ತ ಹೇಳುತ್ತ ಅವಳ ಕೈ ಒಂದು ಬದಿಯ ಅಂಚು ಮುಗಿಸಿ ಮೂಲೆ ತಿರುಗಿಸಿತು.

"ಆಮೇಲೆ?" ಎಂದಳು ಮೆಣಸಿನಕಾಯಿ, ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು. "ಛತ್ರಿ ತಗೊಂಡ್ರಾ?"